ಒಂದೇ ಹೆಸರಿನ ಮೂರು ಕಂಪ್ಯೂಟರುಗಳು

ಕಳೆದ ವರ್ಷ ಜುಲೈ ತಿಂಗಳ ಕೊನೆಯ ಸೋಮವಾರ ಮಧ್ಯಾಹ್ನ, ಯಡೂರಿನ ನದಿದಂಡೆಯ ರೈತರ ಮೊಬೈಲುಗಳಿಗೆ ಹೋಗಬೇಕಿದ್ದ ‘ಮೋಟಾರು ಎತ್ತಿ’ ಎಂಬ ಕರೆ ಹೋಗಲಿಲ್ಲ. ಕೃಷ್ಣೆ ಬೆಳಗಿನಿಂದ ಏರುತ್ತಿತ್ತು. ಕರೆ ಮಾಡುವ ಪ್ರೋಗ್ರಾಮು ನಿಂತಿರಲಿಲ್ಲ. ಬೆಳಿಗ್ಗೆ ಒಮ್ಮೆ ಹೋಗಿದ್ದ ಕರೆಂಟು ವಾಪಸ್ ಬಂದಿತ್ತು, ಇಂಟರ್‌ನೆಟ್ಟೂ ಇತ್ತು. ಆದರೂ ಯಾರ ಫೋನೂ ರಿಂಗಣಿಸಲಿಲ್ಲ.

ಮೋಟಾರು ಎತ್ತುವುದೆಂದರೆ ಏನೆಂದು ಮೊದಲು ಹೇಳಬೇಕು. ಬೇಸಿಗೆಯಲ್ಲಿ ನದಿ ಸೊರಗುತ್ತ ನಡುವಿಗೆ ಸರಿದಂತೆ ಕಬ್ಬಿನ ಹೊಲದವರು ತಮ್ಮ ಪಂಪ್‌ಸೆಟ್ಟುಗಳನ್ನು ನೀರಿನ ಬೆನ್ನು ಹತ್ತಿ ಕೆಳಗೆ ಇಳಿಸುತ್ತ ಹೋಗುತ್ತಾರೆ. ಮೇಲೆ ಮಹಾರಾಷ್ಟ್ರದಲ್ಲಿ ಮಳೆ ಜೋರಾಗಿ, ಅಣೆಕಟ್ಟುಗಳಿಂದ ನೀರು ಬಿಟ್ಟರೆ, ಅದೇ ಮೋಟಾರುಗಳನ್ನು ಬಿಚ್ಚಿ, ಹಗ್ಗ ಕಟ್ಟಿ ದಂಡೆಯ ಮೇಲಕ್ಕೆ ಎಳೆಯಬೇಕು. ಬೇಗ ಎತ್ತಿದರೆ ಕಬ್ಬಿಗೆ ನೀರು ತಪ್ಪುತ್ತದೆ. ತಡವಾದರೆ ಮೋಟಾರು ನದಿಯ ಪಾಲು. ಅದಕ್ಕಿಂತ ದೊಡ್ಡ ಅಪಾಯ, ಅದನ್ನು ಬಿಚ್ಚಲು ನೀರಿಗೆ ಇಳಿದವರದು.

ದಂಡೆಯ ರೈತರ ಸಂಘವೊಂದು ಇದಕ್ಕಾಗಿ ಕರೆಯ ವ್ಯವಸ್ಥೆ ಮಾಡಿಕೊಂಡಿತ್ತು. ನದಿಗೆ ಇಳಿಯುವ ಘಾಟಿನ ಗೋಡೆಯ ಮೇಲೆ ಬಣ್ಣದ ಪಟ್ಟಿಗಳನ್ನು ಬಳಿದಿದ್ದಾರೆ. ನೀರು ಯಾವ ಪಟ್ಟಿ ಮುಟ್ಟಿದರೆ ಯಾರ ಮೋಟಾರು ಎತ್ತಬೇಕು ಎಂಬುದಕ್ಕೆ ಪ್ರತಿಯೊಂದು ಮೋಟಾರಿಗೂ ಒಂದು ಗುರುತು ಇದೆ. ಆ ಗುರುತುಗಳೆಲ್ಲ ಒಂದು ಕಡತದಲ್ಲಿವೆ. ಊರಿನಲ್ಲಿ ಆನ್‌ಲೈನ್ ಅರ್ಜಿ ತುಂಬುವ ಅಂಗಡಿ ಇಟ್ಟಿರುವ ಅಕ್ಕ ಒಬ್ಬರು ಘಾಟಿಗೆ ಹೋಗಿ ನೀರು ನೋಡಿ ಬಂದು ಮಟ್ಟವನ್ನು ನೇರವಾಗಿ ಪ್ರೋಗ್ರಾಮಿಗೇ ನಮೂದಿಸುತ್ತಾರೆ. ನೀರು ಗುರುತು ಮುಟ್ಟಿದೊಡನೆ ಪ್ರೋಗ್ರಾಮು ಆ ಮೋಟಾರಿನವರಿಗೆ ತಾನೇ ಕರೆ ಮಾಡುತ್ತದೆ. ಪ್ರೋಗ್ರಾಮು ಬರೆದವರು ಚಿಕ್ಕೋಡಿಯ ಎಂಜಿನಿಯರ್. ಕರೆಯಲ್ಲಿ ಕೇಳುವ ಮಾತುಗಳನ್ನು ಕನ್ನಡ, ಮರಾಠಿ ಎರಡರಲ್ಲೂ ಬರೆದುಕೊಡುವುದು ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೆಲಸ ಮಾಡುವ ನನ್ನ ಪಾಲಿಗೆ ಬಂದಿತ್ತು. ಮೂವರ ಕಂಪ್ಯೂಟರುಗಳಲ್ಲೂ ಎಲ್ಲ ಕಡತಗಳ ಪ್ರತಿ ಇರುತ್ತಿತ್ತು. ಅವನ್ನು ಹೊಂದಿಸುತ್ತಿದ್ದದ್ದು ಗಿಟ್ ಎಂಬ ತಂತ್ರಾಂಶ. ಯಾರು ಏನು ಬದಲಿಸಿದರೂ ಅದು ಕಮಿಟ್ ಎಂಬ ಒಂದು ನಮೂದಾಗಿ, ಬರೆದವರ ಹೆಸರಿನ ಜೊತೆ ಇತಿಹಾಸದಲ್ಲಿ ಸೇರುತ್ತದೆ. ಆ ಇತಿಹಾಸದ, ಮೂವರಿಗೂ ಸೇರಿದ ಒಂದು ಪ್ರತಿ ದೂರದ ಸರ್ವರಿನಲ್ಲಿ ಇರುತ್ತದೆ. ಪ್ರೋಗ್ರಾಮು ಓದುವುದು ಆ ಪ್ರತಿಯನ್ನೇ.

ಅಂದು ಮಧ್ಯಾಹ್ನ ನಾನೂ ಎಂಜಿನಿಯರೂ ಚಿಕ್ಕೋಡಿಯ ಅವರ ಕೋಣೆಯಲ್ಲಿದ್ದಾಗ ಯಡೂರಿನಿಂದ ಅಕ್ಕನ ಫೋನು ಬಂತು.

“ಸರ, ನೀರ ನೀಲಿ ಪಟ್ಟಿ ದಾಟೇತಿ. ಯಾರಿಗೂ ಕರೆ ಬಂದಿಲ್ಲ. ನಿಮ್ಮ ಮಷಿನ್ ಮಲಗೇತೇನ್ರಿ?”

“ನೀವು ನಮೂದು ಹಾಕೀರೇನ್ರಿ?” ಎಂದು ಎಂಜಿನಿಯರ್ ಕೇಳಿದರು.

“ಹಾಕೀನ್ರಿ. ಬೇಕಂದ್ರ ನೀವ ಬಂದ ನಿಂತ ನೋಡ್ರಿ, ಕಾಲ ತೊಳ್ಕೊಂಡ ಹೋಗೀರಿ.”

ಅಕ್ಕನ ನಮೂದು ಬಂದಿತ್ತು. ಪ್ರೋಗ್ರಾಮು ಅದನ್ನು ಓದಿತ್ತು. ನಾನು ಗುರುತುಗಳ ಕಡತ ತೆರೆದೆ. ಅದರಲ್ಲಿದ್ದದ್ದು ಹಿಂದಿನ ವರ್ಷದ ಗುರುತುಗಳು. ಆ ವರ್ಷ ನೀಲಿ ಪಟ್ಟಿಯ ಹತ್ತಿರಕ್ಕೆ ಯಾರ ಮೋಟಾರೂ ಇರಲಿಲ್ಲ. ಪ್ರೋಗ್ರಾಮು ತನಗೆ ಕೊಟ್ಟ ಲೆಕ್ಕದ ಪ್ರಕಾರ ಸರಿಯಾಗಿಯೇ ಸುಮ್ಮನಿತ್ತು.

“ಈ ವರ್ಷದ ಗುರುತು ಎಲ್ಲಿ ಹೋದ್ವು?” ಎಂದೆ.

ಎಂಜಿನಿಯರ್ ಇತಿಹಾಸ ತೆರೆದರು. ಮೇಲೆ ಅವರದೇ ಒಂದು ನಮೂದು, ಶನಿವಾರದ್ದು. ಅದರ ಕೆಳಗೆ ಬೇಸಿಗೆಯ ಮೊದಲಿನ ನಮೂದುಗಳು. ನಡುವೆ ಅಕ್ಕ ಜೂನ್ ತಿಂಗಳಿಡೀ ದಂಡೆ ತಿರುಗಿ ಸೇರಿಸಿದ್ದ ಗುರುತುಗಳು ಇರಬೇಕಿತ್ತು. ಅಲ್ಲಿ ಖಾಲಿ ಜಾಗವೂ ಇರಲಿಲ್ಲ. ಅವು ಎಂದೂ ಇರಲೇ ಇಲ್ಲ ಎಂಬಂತೆ ಹಿಂದಿನ ನಮೂದಿಗೆ ಮುಂದಿನದು ಕೂಡಿಕೊಂಡಿತ್ತು.

ಶನಿವಾರ ಏನಾಯಿತೆಂದು ಕೇಳಿದೆ. ವರದಿಗಾರರಿಂದ ಸುದ್ದಿ ತೆಗೆದುಕೊಳ್ಳುವಾಗ ಕೇಳುವ ಕ್ರಮದಲ್ಲೇ ಕೇಳಿದೆ: ಮೊದಲು ಏನು ಮಾಡಿದಿರಿ, ಪರದೆಯ ಮೇಲೆ ಏನು ಬಂತು, ಆಮೇಲೆ ಏನು ಮಾಡಿದಿರಿ.

ಅವರು ಮರಾಠಿ ಕರೆಯ ಒಂದು ಬದಲಾವಣೆಯನ್ನು ಸರ್ವರಿಗೆ ಕಳಿಸಲು ಹೋಗಿದ್ದರು. ಸರ್ವರು ಒಪ್ಪಲಿಲ್ಲ. ನಿಮ್ಮ ಪ್ರತಿಯಲ್ಲಿಲ್ಲದ ನಮೂದುಗಳು ಇಲ್ಲಿವೆ, ಮೊದಲು ಅವನ್ನು ತೆಗೆದುಕೊಳ್ಳಿ ಎಂದಿತು. ಗಿಟ್ ಬಳಸುವ ಎಲ್ಲರಿಗೂ ದಿನ ಬೆಳಗಾದರೆ ಎದುರಾಗುವ ತಕರಾರು ಅದು. ಅವರು ಆ ನಮೂದುಗಳನ್ನು ತರಿಸಿ ಪಟ್ಟಿ ನೋಡಿದರು. ಅವರ ಕಪ್ಪು ಪರದೆ ಕನ್ನಡ ತೋರಿಸುತ್ತಿರಲಿಲ್ಲ. ಸಂದೇಶದ ಜಾಗದಲ್ಲಿ ಬರೀ ಚೌಕಗಳು. ಬರೆದವರ ಹೆಸರು ಮಾತ್ರ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿತ್ತು. ಅದು ಅವರ ಕಂಪ್ಯೂಟರಿನಲ್ಲಿ ಹಾಕಿದ್ದ ಹೆಸರೇ ಆಗಿತ್ತು.

“ನನ್ನವ ಅನ್ಕೊಂಡ್ನಿ ಸರ. ಮನಿ ಲ್ಯಾಪ್‌ಟಾಪಿನ್ಯಾಗ ಟೆಸ್ಟ್ ಮಾಡಿದ್ದು ಕಳಿಸಿರ್ಬೇಕು, ಹಳೇ ಕಸ ಅಂತ ಫೋರ್ಸ್ ಪುಷ್ ಮಾಡಿದ್ನಿ.”

ಫೋರ್ಸ್ ಪುಷ್ ಎಂದರೆ ನನ್ನ ಪ್ರತಿಯೇ ಸರಿ, ಅಲ್ಲಿರುವುದನ್ನು ಅಳಿಸಿ ಇದನ್ನು ಇಡು ಎಂದು ಸರ್ವರಿಗೆ ಒತ್ತಾಯ ಮಾಡುವುದು. ಸರ್ವರು ಹಾಗೆಯೇ ಮಾಡಿತ್ತು.

ಆದರೆ ಅಕ್ಕನ ನಮೂದುಗಳಿಗೆ ಆ ಹೆಸರು ಬಂದದ್ದು ಹೇಗೆ? ಉತ್ತರ ಫೋನಿನಲ್ಲೇ ಸಿಕ್ಕಿತು.

“ಅದು ಎಂಜಿನಿಯರ್ ಸಾಹೇಬ್ರ ಹೆಸರೂ ಅಲ್ಲ, ನನ್ನ ಹೆಸರೂ ಅಲ್ಲ. ಯಜಮಾನ್ರ ಹೆಸರ್ರಿ” ಎಂದರು ಅಕ್ಕ. “ಕಂಪ್ಯೂಟರ್ ಕುಂದ್ರಸೂ ಮುಂದ ಹೆಸರ ಕೇಳ್ತು. ಸಂಘದ ಕೆಲಸ ಅಲ್ಲೇನ್ರಿ, ಅದಕ ಅವರ್ದ ಹಾಕಿದ್ವಿ. ಮೀಟರ್ ಅವರ ಹೆಸರ್ಲೆ ಐತಿ, ಸಿಮ್ ಅವರ ಹೆಸರ್ಲೆ ಐತಿ. ಇದೊಂದ ಯಾಕ ಬ್ಯಾರೆ ಹಾಕೂದು?”

ಯಜಮಾನರು ಎಂದರೆ ಸಂಘದ ಅಧ್ಯಕ್ಷರು, ದಂಡೆಯ ಹಿರಿಯ ಕಬ್ಬಿನ ರೈತರು. ಈ ಭಾಗದ ಮನೆಗಳಲ್ಲಿ ಹೊಲ, ಬಾವಿ, ಸಕ್ಕರೆ ಕಾರ್ಖಾನೆಯ ಶೇರು ಎಲ್ಲವೂ ಹಿರಿಯರ ಹೆಸರಿನಲ್ಲಿ ಇರುವುದು ವಾಡಿಕೆ. ದುಡಿಯುವವರು ಯಾರೇ ಇರಲಿ, ಕಾಗದದ ಮೇಲೆ ಅವರೊಬ್ಬರೇ. ನನ್ನ ಕಂಪ್ಯೂಟರನ್ನೂ ತೆಗೆದು ನೋಡಿದೆ. ಅಲ್ಲಿಯೂ ಯಜಮಾನರೇ ಇದ್ದರು. ಮೂರು ಕಂಪ್ಯೂಟರುಗಳ ಹಿಂದೆ ಕೂತ ಮೂವರೂ ಒಬ್ಬರೇ ಮನುಷ್ಯನಾಗಿ ಬರೆಯುತ್ತಿದ್ದೆವು. ಇತಿಹಾಸ ಓದಿದರೆ ಒಬ್ಬ ರೈತ ಜೂನ್ ತಿಂಗಳಿಡೀ ಗುರುತು ಹಾಕಿ, ಒಂದು ಶನಿವಾರ ತಾನೇ ಅಳಿಸಿ ಹಾಕಿದಂತೆ ಕಾಣುತ್ತಿತ್ತು.

ಯಜಮಾನರು ಅಕ್ಕನ ಅಂಗಡಿಯಲ್ಲೇ ಕೂತಿದ್ದರು. ಅವರ ದನಿ ಕೇಳಿತು. “ನಾ ಫೋನ್ ಎತ್ತೂದು ಇಡೂದು ಬಿಟ್ಟ ಬ್ಯಾರೆ ಏನೂ ಮಾಡಿದಾಂವ ಅಲ್ಲಪಾ. ನನ್ನ ಹೆಸರ್ಲೆ ಯಾಂವ ಅಳಿಸಿದಾ?”

ಎಂಜಿನಿಯರ್ ತಲೆ ತಗ್ಗಿಸಿದರು. ದೋಷದ ವಿಚಾರಕ್ಕೆ ಅದು ಸಮಯವಲ್ಲ. ಅಕ್ಕನ ಕಂಪ್ಯೂಟರಿನಲ್ಲಿ ಮೂಲ ಪ್ರತಿ ಇರಲೇಬೇಕು, ಅಲ್ಲಿಂದ ಮತ್ತೆ ಕಳಿಸಿದರಾಯಿತು ಎಂದುಕೊಂಡೆವು. ನಾನು ಕೇಳಿದೆ.

“ಏನರ ಗೊಂದಲ ಆದ್ರ ಫೋಲ್ಡರ್ ಡಿಲೀಟ್ ಮಾಡಿ ಮತ್ತ ಇಳಿಸ್ಕೋರಿ ಅಂತ ನೀವ ಹೇಳಿದ್ರಿ” ಎಂದರು ಅಕ್ಕ. “ಮುಂಜಾನೆ ಕೆಂಪ ಅಕ್ಷರ ಬಂದ್ವು. ಡಿಲೀಟ್ ಮಾಡಿ ಇಳಿಸ್ಕೊಂಡ್ನಿ.”

ಇತಿಹಾಸಗಳು ಹೊಂದುತ್ತಿಲ್ಲ ಎಂಬ ಎಚ್ಚರಿಕೆ ಆ ಕೆಂಪು ಅಕ್ಷರ. ಹೇಳಿಕೊಟ್ಟಂತೆಯೇ ಮಾಡಿದ್ದರಿಂದ ಆ ಪ್ರತಿಯೂ ಹೋಯಿತು. ನನ್ನ ಕಂಪ್ಯೂಟರಿನ ಪ್ರತಿ ಬೇಸಿಗೆಗಿಂತ ಮೊದಲಿನದು. ಕರೆಯ ಮಾತುಗಳು ಬದಲಾಗದೆ ನಾನು ಅದನ್ನು ತೆರೆಯುತ್ತಿರಲಿಲ್ಲ.

ಯಜಮಾನರು ಮತ್ತೆ ಮಾತಾಡಿದರು. ನೀರು ಇನ್ನೊಂದು ಪಟ್ಟಿಯ ಹತ್ತಿರ ಬಂದಿತ್ತು. ಎಲ್ಲರಿಗೂ ಒಮ್ಮೆಲೇ ಎತ್ತಿರಿ ಎಂದು ಹೇಳಿಬಿಡೋಣವೇ ಎಂದೆ.

“ಬ್ಯಾಡ್ರಿ. ಹ್ವಾದ ವರ್ಷ ಒಮ್ಮೆ ಸುಳ್ಳ ಕರೆ ಹೋಗಿತ್ತು. ಟ್ರ್ಯಾಕ್ಟರ್ ಹಚ್ಚಿ ಎತ್ತಿದವ್ರು ನನ್ನ ಮನಿ ಮುಂದ ಬಂದ ನಿಂತಿದ್ರು. ಮತ್ತ ದಂಡ್ಯಾಗ ಟ್ರ್ಯಾಕ್ಟರ್ ಎರಡ ಅದಾವ. ಎಲ್ಲಾರೂ ಒಮ್ಮೆಲೇ ಓಡಿದ್ರ ಯಾರ್ದು ಮೊದಲ ಎತ್ತಬೇಕೋ ಅವರಿಗೆ ಸಿಗೂದಿಲ್ಲ. ಪಾಳಿ ಹೇಳ್ರಿ, ಪಾಳಿ ಪ್ರಕಾರ ನಾ ಫೋನ್ ಮಾಡ್ತೀನಿ.”

ಪಾಳಿ ಗೊತ್ತಿದ್ದದ್ದು ಕಳೆದುಹೋದ ಕಡತಕ್ಕೆ. ಕೈಯಲ್ಲಿದ್ದದ್ದು ಹಿಂದಿನ ವರ್ಷದ್ದು. ಇಲ್ಲದ್ದಕ್ಕಿಂತ ಲೇಸು ಎಂದು ಅದನ್ನೇ ಓದಿ ಹೇಳಿದೆ. ಯಜಮಾನರು ಆ ಪ್ರಕಾರ ಫೋನು ಹಚ್ಚತೊಡಗಿದರು. ಅಕ್ಕ ನೆನಪಿದ್ದಷ್ಟು ತಿದ್ದುತ್ತಿದ್ದರು.

ಇತ್ತ ಎಂಜಿನಿಯರ್ ತಮ್ಮ ಫೋಲ್ಡರಿನ ಮೇಲೆ ಬಾಣ ಇಟ್ಟು, “ನಾನೂ ಇದನ್ನ ಡಿಲೀಟ್ ಮಾಡಿ ಹೊಸದಾಗಿ ಇಳಿಸ್ಕೋತೀನ್ರಿ, ಸ್ವಚ್ಛ ಪ್ರತಿಯಿಂದ ಶುರು ಮಾಡೂನು” ಎಂದರು.

ನಾನು ಅವರ ಕೈಯನ್ನು ಮೌಸಿನ ಮೇಲಿಂದ ಎತ್ತಿದೆ. ಡೆಸ್ಕಿನಲ್ಲಿ ಪುಟ ಅಚ್ಚಿಗೆ ಹೋಗುವವರೆಗೆ ಹಳೆಯ ಕರಡನ್ನು ಹರಿದು ಹಾಕುವುದಿಲ್ಲ. ತಪ್ಪು ಎಲ್ಲಿ ನುಸುಳಿತು ಎಂದು ತಿಳಿಯಲು ಬೇಕಾಗುವುದು ತಪ್ಪಿದ್ದ ಕರಡೇ. ಇನ್ನು ಯಾರೂ ಏನನ್ನೂ ಕಳಿಸಬಾರದು, ತರಿಸಬಾರದು, ಅಳಿಸಬಾರದು ಎಂದು ನಿರ್ಧರಿಸಿ ಯಡೂರಿಗೂ ಹೇಳಿದೆ. ಮೊದಲು ಆ ಫೋಲ್ಡರನ್ನು ಇಡಿಯಾಗಿ ಒಂದು ಪೆನ್‌ಡ್ರೈವಿಗೆ ಹಾಕಿಸಿದೆ. ಆಮೇಲೆ ಇಬ್ಬರೂ ಕೂತು ಒಂದೇ ಪ್ರಶ್ನೆ ಹಿಡಿದೆವು: ಶನಿವಾರ ಅಳಿಸುವ ಮುನ್ನ ಅವರು ಆ ನಮೂದುಗಳನ್ನು ಕಣ್ಣಾರೆ ನೋಡಿದ್ದರು. ನೋಡಬೇಕಾದರೆ ಅವು ಈ ಕಂಪ್ಯೂಟರಿಗೆ ಬಂದಿರಬೇಕು. ಬಂದದ್ದು ಎಲ್ಲಿಗೆ ಹೋಯಿತು?

ಶನಿವಾರದ ಕಪ್ಪು ಪರದೆ ಬೆಳಿಗ್ಗೆ ಕರೆಂಟು ಹೋದಾಗ ಮುಚ್ಚಿಹೋಗಿತ್ತು. ಆದರೆ ಗಿಟ್ ತನ್ನಷ್ಟಕ್ಕೆ ಒಂದು ದಿನಚರಿ ಇಡುತ್ತದೆ. ಅದಕ್ಕೆ ರೆಫ್‌ಲಾಗ್ ಎನ್ನುತ್ತಾರೆ. ಈ ಶಾಖೆ, ಎಂದರೆ ನಮೂದುಗಳ ಈ ಸಾಲಿನ ತುದಿ, ಮೊದಲು ಎಲ್ಲಿತ್ತು, ಆಮೇಲೆ ಎಲ್ಲಿಗೆ ಸರಿಯಿತು ಎಂದು ಪ್ರತಿ ಸಲವೂ ಬರೆದುಕೊಳ್ಳುತ್ತದೆ. ಅದನ್ನು ಯಾರಿಗೂ ಕಳಿಸುವುದಿಲ್ಲ, ಕೇಳದೆ ತೋರಿಸುವುದೂ ಇಲ್ಲ. ಎಂಜಿನಿಯರ್ ಮೊದಲು ತಮ್ಮ ಸ್ವಂತ ಶಾಖೆಯ ದಿನಚರಿ ತೆಗೆದರು. ಅದರಲ್ಲಿ ಅವರ ಕೆಲಸ ಮಾತ್ರ ಇತ್ತು. ಅವರು ಕುರ್ಚಿಗೆ ಒರಗಿ ಕಣ್ಣು ಮುಚ್ಚಿಕೊಂಡರು.

“ಸರ್ವರಿನ ಶಾಖೆಗೂ ಬ್ಯಾರೆ ದಿನಚರಿ ಇರ್ತದೇನ್ರಿ?” ಎಂದು ಕೇಳಿದೆ. ನನಗೆ ಗೊತ್ತಿರಲಿಲ್ಲ, ಕೇಳಿದೆ ಅಷ್ಟೇ.

ಅವರು ಎದ್ದು ಕೂತರು. ಆದೇಶ ತಿದ್ದಿ ಬರೆದರು. ಪರದೆಯ ಮೇಲೆ ಕೆಲವೇ ಸಾಲುಗಳು ಬಂದವು. ಮೇಲಿನದು ಶನಿವಾರದ ಫೋರ್ಸ್ ಪುಷ್. ಅದರ ಕೆಳಗಿನದು ಅದಕ್ಕೂ ಮುಂಚೆ ಸರ್ವರಿನಿಂದ ತರಿಸಿಕೊಂಡದ್ದು. ಆ ಸಾಲಿನ ಮೊದಲಲ್ಲಿ ಅಕ್ಷರ, ಅಂಕಿ ಬೆರೆತ ಒಂದು ಸಣ್ಣ ಸಂಕೇತವಿತ್ತು. ಪ್ರತಿ ನಮೂದಿಗೂ ಗಿಟ್ ಅಂಥದೊಂದನ್ನು ಕೊಡುತ್ತದೆ. ಅದನ್ನು ಲೆಕ್ಕ ಹಾಕುವುದು ಆ ನಮೂದಿನ ಒಳಗಿರುವ ಪ್ರತಿಯೊಂದು ಅಕ್ಷರದಿಂದ ಮತ್ತು ಅದರ ಹಿಂದಿನ ನಮೂದಿನ ಸಂಕೇತದಿಂದ. ಹಿಂದಿನದು ಅದರ ಹಿಂದಿನದನ್ನು ಹಿಡಿದಿರುತ್ತದೆ. ಒಂದರ ಕೈ ಹಿಡಿದರೆ ಸಾಲು ಇಡೀ ಎದ್ದು ಬರುತ್ತದೆ.

ಆ ಸಂಕೇತದ ಮೇಲೆ ಒಂದು ಹೊಸ ಶಾಖೆ ನಿಲ್ಲಿಸಲು ಹೇಳಿದೆ. ಒಂದು ಸಾಲಿನ ಆದೇಶ. ಎಂಟರ್ ಒತ್ತಿದರು. ಸದ್ದಿಲ್ಲ, ಪರದೆಯ ಮೇಲೆ ಒಂದೇ ಮಾತು: ಹೊಸ ಶಾಖೆಗೆ ಬಂದಿರಿ. ಕಡತ ತೆರೆದರೆ ಈ ವರ್ಷದ ಗುರುತುಗಳು ಒಂದೂ ಬಿಡದೆ ಅಲ್ಲಿದ್ದವು. ಅಳಿಸಿದ ಕಂಪ್ಯೂಟರೇ ಎರಡು ದಿನ ಅವನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂತಿತ್ತು. ಆ ಫೋಲ್ಡರನ್ನು ಅಳಿಸಿದ್ದರೆ ಹೋಗುತ್ತಿದ್ದದ್ದು ಅದೇ.

ಇತಿಹಾಸವನ್ನು ಕನ್ನಡ ಕಾಣುವ ಬೇರೊಂದು ಕಿಟಕಿಯಲ್ಲಿ ತೆರೆದಾಗ ಚೌಕಗಳಿದ್ದ ಕಡೆ ಅಕ್ಕನ ಮಾತುಗಳು ಕಂಡವು. ಗುರುತು ಹಾಕಿದಾಗಲೆಲ್ಲ ಆಕೆ ಒಂದು ಸಾಲು ಬರೆದಿದ್ದರು. ‘ಹುಣಚಿ ಗಿಡದ ಕೆಳಗಿನ ಮೋಟಾರ್ ಹ್ವಾದ ವರ್ಷದ ಜಾಗದಾಗ ಐತಿ.’ ‘ಇವರ ದಂಡಿ ಕುಸದೈತಿ, ಒಂದ ಪಟ್ಟಿ ಮೊದಲ ಹೇಳಬೇಕು.’ ‘ಇವರು ಮಾರ್ಯಾರ, ಹೊಸಾ ಮಾಲಕರ ನಂಬರ್.’ ನೆರೆಗೆ ಮುಂಚಿನ ದಂಡೆಯಲ್ಲಿ ಒಬ್ಬರು ಹೆಜ್ಜೆ ಹೆಜ್ಜೆಗೆ ನಿಂತು ನೋಡಿದ್ದು ಹಾಗೆಯೇ ಎದುರಿಗೆ ಬಂತು. ಪ್ರತಿ ಸಾಲಿನ ಪಕ್ಕದಲ್ಲಿ ಯಜಮಾನರ ಹೆಸರು.

ಇನ್ನು ಈ ಶಾಖೆಯನ್ನೂ ಅವರ ಶನಿವಾರದ ಕೆಲಸವನ್ನೂ ಕೂಡಿಸಬೇಕಿತ್ತು. ಕೂಡಿಸಿದಾಗ ಒಂದೇ ಒಂದು ಸಾಲಿನಲ್ಲಿ ಗಿಟ್ ನಿಂತಿತು. ಇಬ್ಬರೂ ಅದೇ ಸಾಲನ್ನು ಬೇರೆ ಬೇರೆ ರೀತಿ ಮುಟ್ಟಿದ್ದಾಗ ಅದು ತಾನೇ ತೀರ್ಪು ಕೊಡುವುದಿಲ್ಲ. ಬಾಣದ ಗುರುತುಗಳ ನಡುವೆ ಎರಡನ್ನೂ ಬರೆದಿಟ್ಟು ಮನುಷ್ಯರಿಗಾಗಿ ಕಾಯುತ್ತದೆ. ಎಂಜಿನಿಯರ್ ಆ ಸಾಲಿನಲ್ಲಿ ಮರಾಠಿ ಕರೆ ಎಂದು ಸೇರಿಸಿದ್ದರು, ಗುರುತು ಹಿಂದಿನ ವರ್ಷದ್ದು, ದಂಡೆಯ ಮೇಲಿನದು. ಅಕ್ಕನ ಸಾಲಿನಲ್ಲಿ ಗುರುತು ನೀಲಿ ಪಟ್ಟಿ. ಅಕ್ಕನ ಸಂದೇಶ: ‘ಬಾಯಾರ ಮೋಟಾರ್ ಈ ಸಲ ತೀರಾ ತಗ್ಗಿಗೆ ಇಳಿಸ್ಯಾರ. ಇನ್ನೂ ಮ್ಯಾಲ ತಂದಿಲ್ಲ. ಎಲ್ಲಾರಕಿಂತ ಮೊದಲ ಇವರಿಗೆ.’

ಬಾಯಾರು ಎಂದರೆ ಗಂಡನ ತಮ್ಮನ ಜೊತೆ ಹೊಲ ನೋಡಿಕೊಳ್ಳುವ ಹೆಂಗಸು. ಆ ಒಂದು ಮೋಟಾರಿನ ನೀರು ನೆರೆಯ ಹೊಲಗಳಿಗೂ ಹೋಗುತ್ತದೆ. ನಾನು ಯಜಮಾನರಿಗೆ ಓದಿ ಹೇಳಿದ್ದ ಪಾಳಿಯಲ್ಲಿ ಅವರದು ಕೊನೆಯ ಹೆಸರು.

ಎರಡು ಸಾಲುಗಳಲ್ಲಿ ಯಾವುದು ಸರಿ ಎಂದು ಕಂಪ್ಯೂಟರನ್ನು ಕೇಳುವುದರಲ್ಲಿ ಅರ್ಥವಿರಲಿಲ್ಲ. ಬಾಯಾರಿಗೇ ಫೋನು ಮಾಡಿದೆ.

“ಹೌದ್ರಿ ಸಾಹೇಬ್ರ, ತಗ್ಗಿನ್ಯಾಗ ಐತಿ. ಕಬ್ಬ ಒಣಗಾಕತ್ತಿತ್ತು, ಮ್ಯಾಲ ತಂದ್ರ ನೀರ ಸಿಗತಿರಲಿಲ್ಲ. ಕರೆ ಬಂದಿಲ್ಲಲ್ರಿ, ಇನ್ನೂ ವ್ಯಾಳ್ಯಾ ಐತಿ ಅಂತ ಚಹಾ ಕುಡ್ಯಾಕತ್ತೀವಿ.”

“ಕರೆ ಕೆಟ್ಟೇತ್ರಿ ಬಾಯಾರ. ನಿಮ್ಮ ಗುರುತು ದಾಟೇತಿ. ಈಗಿಂದೀಗ ಹೋಗ್ರಿ.”

“ಅಗ ಬಾಯಿ!” ಎಂದದ್ದು ಕೇಳಿತು. ಆಮೇಲೆ ಫೋನು ಇಟ್ಟ ಸದ್ದಿಲ್ಲ. ಲೋಟ ಉರುಳಿದ್ದು, “ಭಾವೋಜಿ, ಚಲಾ, ಚಲಾ” ಎಂದು ಮೈದುನನನ್ನು ಕೂಗಿದ್ದು, ಚಪ್ಪಲಿಯ ಸದ್ದು ದೂರವಾದದ್ದು ಕೇಳಿತು.

ಯಜಮಾನರು ಫೋನು ಮಾಡಿ ಒಂದು ಟ್ರ್ಯಾಕ್ಟರನ್ನು ಅತ್ತ ಕಳಿಸಿದರು. ನಾವು ಎರಡು ಸಾಲುಗಳನ್ನೂ ಕೂಡಿಸಿ ಒಂದು ಮಾಡಿದೆವು: ಅಕ್ಕನ ಗುರುತು, ಎಂಜಿನಿಯರರ ಮರಾಠಿ. ಸರ್ವರಿಗೆ ಕಳಿಸಿದೆವು, ಈ ಸಲ ಒತ್ತಾಯವಿಲ್ಲದೆ. ಅದು ತಕರಾರಿಲ್ಲದೆ ತೆಗೆದುಕೊಂಡಿತು. ಕೆಲವೇ ಕ್ಷಣಗಳಲ್ಲಿ ಯಡೂರಿನ ಕಡೆಯ ಫೋನಿನಲ್ಲಿ ಒಂದರ ಹಿಂದೊಂದು ಮೊಬೈಲು ರಿಂಗಣಿಸುವ ಸದ್ದು ಕೇಳತೊಡಗಿತು.

“ಬಂತ್ರಿ, ಬಂತು” ಎಂದರು ಅಕ್ಕ. “ಯಜಮಾನ್ರಿಗೂ ಬಂತು. ಹಲೋ ಹಲೋ ಅನ್ನಾಕತ್ತಾರ ಮಷಿನ್‌ಗೆ.”

ಎಂಜಿನಿಯರರ ಮೋಟಾರ್‌ಸೈಕಲ್ಲಿನಲ್ಲಿ ನಾವು ಯಡೂರು ಮುಟ್ಟುವಷ್ಟರಲ್ಲಿ ಸಂಜೆಯ ಬೆಳಕು ಇನ್ನೂ ಇತ್ತು. ನದಿಯನ್ನು ನಾನು ವರ್ಷಗಳಿಂದ ಸುದ್ದಿಯ ಸಾಲುಗಳಲ್ಲಿ ಬರೆದಿದ್ದೇನೆ. ಅಂದು ಅದು ಸದ್ದಿಲ್ಲದೆ ಅಗಲವಾಗುತ್ತಿತ್ತು. ನೋಡುತ್ತಿದ್ದಂತೆ ಒಂದು ಕಲ್ಲು ಕಾಣದಾಯಿತು. ಕೆಂಪು ನೀರಿನಲ್ಲಿ ಕಬ್ಬಿನ ಒಣಗರಿಯ ರವದಿ, ಮರದ ಕೊಂಬೆ, ಯಾರದೋ ಪ್ಲಾಸ್ಟಿಕ್ ಕೊಡ ಹೋಗುತ್ತಿದ್ದವು.

ಬಾಯಾರ ಮೈದುನ ಎದೆಮಟ್ಟದ ನೀರಿನಲ್ಲಿದ್ದರು. ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಮೇಲಿದ್ದವರು ಹಿಡಿದಿದ್ದರು. ವಿದ್ಯುತ್ತು ಮೊದಲೇ ತೆಗೆಸಿದ್ದರು. ಮೋಟಾರಿಗೆ ಸರಪಳಿ ಬಿಗಿದು ಟ್ರ್ಯಾಕ್ಟರಿಗೆ ಸಿಕ್ಕಿಸಿದ್ದರು. ಪೈಪಿನ ಒಂದು ಬೋಲ್ಟು ತುಕ್ಕು ಹಿಡಿದು ತಿರುಗುತ್ತಿರಲಿಲ್ಲ.

“ಇನ್ನೊಂದ ಸುತ್ತ, ಇನ್ನೊಂದ ಸುತ್ತ ವೈನಿ!” ಎಂದು ಅವರು ದಂಡೆಯ ಮೇಲಿದ್ದ ಅತ್ತಿಗೆಗೆ ಕೂಗಿದರು.

“ಸಾಕ್ ಬಿಡ್ರಿ! ಪೈಪ್ ಹ್ವಾದ್ರ ಹೋಗ್ಲಿ!”

“ಹೊಸಾ ಪೈಪ್ ನಿಮ್ಮ ತವರಮನಿಯವ್ರು ಕೊಡ್ತಾರೇನು?”

“ಕೊಡ್ತಾರ, ನೀವ ಮೊದಲ ಮ್ಯಾಲ ಬರ್ರಿ! ಎಳೀರಿ ಇವರನ್ನ, ಕೇಳಬ್ಯಾಡ್ರಿ!”

ಹಗ್ಗ ಹಿಡಿದವರು ಎಳೆದರು. ಮೈದುನ ಬೈಯುತ್ತಲೇ ದಂಡೆಗೆ ಬಂದು ಬಿದ್ದರು. ಬಾಯಾರು ಕೈ ಎತ್ತಿದರು, ಟ್ರ್ಯಾಕ್ಟರ್ ಗುಡುಗಿತು. ನೀರಿನಡಿಯಲ್ಲಿ ಏನೋ ಮುರಿದ ಸದ್ದಾಯಿತು. ಮೋಟಾರು ಕೆಸರಿನಿಂದ ಎದ್ದು, ಒಂದು ಬದಿಗೆ ಒರಗಿ, ನೀರು ಸುರಿಸುತ್ತ ಮೇಲೆ ಬಂತು. ಪೈಪು ಬರಲಿಲ್ಲ. ಮೋಟಾರು ಕೂತಿದ್ದ ಕಟ್ಟೆ ನಾವು ನೋಡುತ್ತಿರುವಾಗಲೇ ಮುಳುಗಿತು.

ಎಂಜಿನಿಯರ್ ಬಾಯಾರ ಹತ್ತಿರ ಹೋಗಿ ಏನೋ ಹೇಳಲು ಹೊರಟರು. ಆಕೆ ಅವರ ಕೈಗೆ ಒದ್ದೆ ಹಗ್ಗದ ಒಂದು ತುದಿ ಕೊಟ್ಟು, “ಸುತ್ರಿ ಇದನ್ನ” ಎಂದರು. ಅವರು ಸುತ್ತಿದರು.

ಮುಂದಿನ ವಾರ ನಾವು ಮೂರೂ ಕಂಪ್ಯೂಟರುಗಳಲ್ಲಿ ಅವರವರ ಹೆಸರು ಹಾಕಿದೆವು. ಸರ್ವರು ಇನ್ನು ಯಾರ ಫೋರ್ಸ್ ಪುಷ್ಷನ್ನೂ ಒಪ್ಪದಂತೆ ಬೀಗ ಹಾಕಿದೆವು. ಗೊಂದಲವಾದರೆ ಡಿಲೀಟ್ ಮಾಡಿ ಎಂಬ ಸೂಚನೆಯನ್ನು ಹಿಂದೆಗೆದುಕೊಂಡೆವು. ಹಳೆಯ ನಮೂದುಗಳ ಹೆಸರು ತಿದ್ದಬೇಕೇ ಎಂಬ ಚರ್ಚೆ ನಡೆಯಿತು. ತಿದ್ದಿದರೆ ಆ ನಮೂದಿನ ಸಂಕೇತ ಬದಲಾಗುತ್ತದೆ, ಅದನ್ನು ಹಿಡಿದ ಮುಂದಿನದೂ ಬದಲಾಗುತ್ತದೆ, ಸಾಲು ಇಡೀ ಬೇರೆಯದೇ ಆಗುತ್ತದೆ. ಹಾಗೆಯೇ ಬಿಡಲು ತೀರ್ಮಾನಿಸಿದೆವು.

“ಇರ್ಲಿ ಬಿಡ್ರಿ” ಎಂದರು ಯಜಮಾನರು. “ಜೂನ್‌ದಾಗ ಬಿಸಿಲಾಗ ದಂಡಿ ತಿರಗಿದಾಂವ ನಾನ ಅಂತ ಮೊಮ್ಮಕ್ಕಳಿಗೆ ತೋರಸ್ತೀನಿ.”

“ಬರ್ರಿ, ಈ ಸಲ ಖರೇನ ತಿರಗೀರಂತ” ಎಂದರು ಅಕ್ಕ.

ಈ ವರ್ಷದ ಗುರುತುಗಳ ಮೊದಲ ನಮೂದು ಜೂನ್ ಮೊದಲ ವಾರ ಅಕ್ಕನ ಅಂಗಡಿಯ ಕಂಪ್ಯೂಟರಿನಿಂದ ಬಂದಿದೆ. ಬದಲಾಗಿರುವುದು ಒಂದೇ ಸಾಲು. ಸಂದೇಶದಲ್ಲಿ ‘ತಗ್ಗಿನ ಮೋಟಾರ್ ಮ್ಯಾಲ ತಂದೀವಿ’ ಎಂದಿದೆ. ಬರೆದವರ ಹೆಸರಿನ ಜಾಗದಲ್ಲಿ ಅಕ್ಕನದಲ್ಲ, ತಾವೇ ಬಂದು ಕೂತು ಬರೆದ ಬಾಯಾರ ಹೆಸರಿದೆ.